ಆಶಾಬಿಯ ಒಲೆಗೆ ಹಸಿರು ನಿಶಾನೆ

ವಾಡಿ ಜಂಕ್ಷನ್ನಿನಲ್ಲಿ ಹದಿನೆಂಟು ವರ್ಷ ಪಾರ್ಸಲ್ ಬಾಬು ಆಗಿದ್ದವನು ನಾನು. ನಮ್ಮೂರಿಗೆ ಏನು ಬಂದರೂ ರೈಲಿನಲ್ಲೇ ಬರುತ್ತದೆ ಎಂಬುದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮಾವಿನಹಣ್ಣು, ಸೈಕಲ್ಲು, ವರ್ಗವಾದ ಸಾಹೇಬರ ಎಮ್ಮೆ, ಎಲ್ಲಕ್ಕೂ ರಸೀದಿ ಹರಿದುಕೊಟ್ಟಿದ್ದೇನೆ. ಐವತ್ತೇಳನೆಯ ಇಸವಿಯ ಜೂನಿನಲ್ಲಿ ಮದ್ರಾಸ್ ಕಡೆಯ ಗಾಡಿಯಲ್ಲಿ ಫ್ಲೂ ಜ್ವರ ಬಂದಾಗ ಮಾತ್ರ ಅದಕ್ಕೆ ರಸೀದಿಯೂ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಇಳಿದದ್ದೇ ಸೀದಾ ಎಂಜಿನ್ ರಿಪೇರಿಯ ಲೋಕೋ ಶೆಡ್ಡಿಗೆ ಹೋಯಿತು. ಒಂದು ವಾರದಲ್ಲಿ ಹನ್ನೊಂದು ಜನ ಹಾಸಿಗೆ ಹಿಡಿದರು. ಇದು ಲೋಕವನ್ನೇ ಸುತ್ತುತ್ತಿರುವ ಜ್ವರ ಎಂದು ಪೇಪರಿನಲ್ಲಿ ಬರೆದಿತ್ತು. ಲೋಕ ಸುತ್ತುವವರು ವಾಡಿಯಲ್ಲಿ ಗಾಡಿ ಬದಲಿಸಲೇಬೇಕಲ್ಲ ಎಂದು ನಾವು ನಕ್ಕೆವು. ಶಹಾಬಾದಿನಲ್ಲಿ ಇಬ್ಬರು ಮುದುಕರು ತೀರಿಕೊಂಡರೆಂಬ ಸುದ್ದಿ ಬಂದ ಮೇಲೆ ಅಷ್ಟು ನಗಲಿಲ್ಲ.

ಈಗ ಆಶಾಬಿಯ ಹೋಟೆಲಿನ ವಿಷಯ. ಹೋಟೆಲು ಎಂದರೆ ಸ್ಟೇಷನ್ ಗೇಟಿನ ಎದುರಿಗೆ ಒಂದು ತಗಡಿನ ಶೆಡ್ಡು, ಎರಡು ಬೆಂಚು, ಒಂದು ಒಲೆ, ಹದಿನೆಂಟು ಕಪ್ಪು-ಬಸಿ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅವಳು ಸ್ಟೇಷನ್ ಗೋಡೆಯ ನೆರಳಿನಲ್ಲಿ ಮೂರು ಕಲ್ಲಿಟ್ಟು ಚಹಾ ಕಾಸುತ್ತಿದ್ದಳು. ಚಿತ್ತಾಪುರದ ಗೌಡ್ತಿ ಗುರುಲಿಂಗಮ್ಮನವರು ಮಗಳ ಊರಿಗೆ ಹೋಗುವಾಗ ವಾಡಿಯಲ್ಲಿ ಗಾಡಿ ಬದಲಿಸುತ್ತಿದ್ದರು. ಬದಲಿಸುವಾಗೆಲ್ಲ ಆ ಚಹಾ ಕುಡಿದು ಕುಡಿದು, ಕಡೆಗೊಂದು ದಿನ ಗೇಟಿನ ಎದುರಿನ ತಮ್ಮ ಜಾಗವನ್ನೇ ಆಶಾಬಿಗೆ ಬಿಟ್ಟುಕೊಟ್ಟರು. ಆದರೆ ಒಂದು ಕರಾರು ಹಾಕಿದರು. ಹಿಂದೆ ಅಲ್ಲಿದ್ದ ಪಾನ್ ಅಂಗಡಿಯವನು ಬೀಗ ಹಾಕಿಕೊಂಡು ಎರಡು ವರ್ಷ ಪತ್ತೆಯಿಲ್ಲದೆ ಹೋಗಿದ್ದನಂತೆ, ಆ ಸಿಟ್ಟು ಇನ್ನೂ ಇತ್ತು.

“ನಿನ್ನ ಒಲಿ ಉರಿಯೋತನಕ ಜಾಗ ನಿಂದು,” ಎಂದಿದ್ದರು ನಮ್ಮೆಲ್ಲರ ಎದುರಿಗೆ. “ಎಂಟು ದಿನ ಒಲಿ ತಣ್ಣಗಾತಂದ್ರ ಜಾಗ ನನ್ನ ಅಳಿಯಗ.”

ಅಳಿಯನಿಗೆ ಅಲ್ಲಿ ಮಾರಾಟದ ಪರಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಒಟ್ಟಬೇಕಾಗಿತ್ತು. ಗಾಡಿಯಲ್ಲಿ ಹೋಗುವಾಗ ಬರುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಆಶಾಬಿಯ ಶೆಡ್ಡಿನಿಂದ ಹೊಗೆ ಏಳುತ್ತಿದೆಯೋ ಇಲ್ಲವೋ ನೋಡುತ್ತಿದ್ದ. ಪುಣ್ಯಾತ್ಮನ ಕಣ್ಣಿಗೆ ಒಂದು ದಿನವೂ ಎಂಜಿನ್ನಿನ ಕಿಡಿ ಹಾರಲಿಲ್ಲವಲ್ಲ ಎಂಬುದು ನನ್ನ ಬೇಸರ.

ಇನ್ನು ನಮ್ಮ ಊರಿನ ಪದ್ಧತಿ ಒಂದನ್ನು ಹೇಳಬೇಕು. ವಾಡಿಯಲ್ಲಿ ಯಾರೂ ಇಡೀ ಚಹಾ ಕುಡಿಯುವುದಿಲ್ಲ. ಒಂದು ಚಹಾ ಹೇಳಿದರೆ ಇಬ್ಬರಿಗೆ. ಒಬ್ಬನಿಗೆ ಕಪ್ಪು, ಇನ್ನೊಬ್ಬನಿಗೆ ಬಸಿ, ಅಂದರೆ ಕಪ್ಪಿನ ಕೆಳಗಿನ ಸಾಸರು. ಒಬ್ಬನೇ ಕೂತು ಇಡೀ ಚಹಾ ಕುಡಿದನೆಂದರೆ ಅವನಿಗೆ ಊರಲ್ಲಿ ಯಾರ ಕೂಡವೂ ಮಾತಿಲ್ಲ ಎಂದು ಅರ್ಥ. ಜಗಳವಾಡಿದವರನ್ನು ರಾಜಿ ಮಾಡಿಸುವುದೂ ಹೀಗೆಯೇ, ಹಿಡಿದು ತಂದು ಒಂದು ಚಹಾ ಮುಂದಿಟ್ಟರೆ ಮುಗಿಯಿತು. ನನ್ನ ಜೋಡಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಮಜೀದಸಾಬ. ಹನ್ನೊಂದು ವರ್ಷದಿಂದ ಕಪ್ಪು ಅವನದು, ಬಸಿ ನನ್ನದು. ಬಸಿಗೆ ಬೀಳುವ ಚಹಾ ಕಡಿಮೆ ಎಂಬ ನನ್ನ ತಕರಾರಿಗೂ ಅಷ್ಟೇ ವಯಸ್ಸು.

ಆ ಸೋಮವಾರ ನಾನು ಬಸಿ ತುಟಿಗೆ ಹಚ್ಚಿದ್ದೆನೋ ಇಲ್ಲವೋ, ಹೆಲ್ತ್ ಇನ್ಸ್‌ಪೆಕ್ಟರ್ ಚಂದ್ರಾಮಪ್ಪನವರು ಸೈಕಲ್ಲಿನಿಂದ ಇಳಿದರು. ಕೈಯಲ್ಲಿ ಹುಕುಂ ಇತ್ತು. ಟೂರಿಂಗ್ ಟಾಕೀಸು ಬಂದ್, ಶಾಲೆ ಬಂದ್, ಸಂತೆ ಬಂದ್. ಹೋಟೆಲು ಮುಚ್ಚಿಸುವುದೋ ಬಿಡುವುದೋ ಇನ್ಸ್‌ಪೆಕ್ಟರು ನೋಡಿ ತೀರ್ಮಾನಿಸಬೇಕು ಎಂದು ಕೊನೆಯ ಸಾಲಿನಲ್ಲಿತ್ತು.

“ಹದಿನೈದು ದಿನ ಬಾಗಲಾ ಹಾಕ್ಬೇಕು, ಆಶಾಬಿ,” ಎಂದರು.

“ಜ್ವರ ನನ್ನ ಚಹಾದಾಗ ಅದ ಏನ್ರಿ, ಸಾಹೇಬ್ರ?”

“ಚಹಾದಾಗ ಇಲ್ಲ. ಒಬ್ಬರ ಬಾಯಾಗಿಂದು ಇನ್ನೊಬ್ಬರ ಬಾಯಾಗ ಹೋಗ್ಲಿಕತ್ತದ. ಅಗೋ, ಅಮೃತಪ್ಪನ ಬಸಿ ನೋಡು.”

ನಾನು ಬಸಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. ಚಹಾ ಧೋತರದ ಮೇಲೆ ಸುರಿಯಿತು.

ಆಶಾಬಿ ಒಲೆಯ ಮುಂದಿನಿಂದ ಎದ್ದು ನಿಂತಳು. “ಹದಿನೈದು ದಿನ ಬಾಗಲಾ ಹಾಕಿದ್ರ ಒಲಿ ಆರ್ತದ. ಒಲಿ ಆರಿದ್ರ ಜಾಗ ಹೋಗ್ತದ. ಜ್ವರ ಬಂದ್ರ ನಾಲ್ಕು ದಿನ ಮಲಗಿ ಏಳ್ತೀನ್ರಿ. ಜಾಗ ಹೋದ್ರ ಏಳಂಗಿಲ್ಲ.”

ಚಂದ್ರಾಮಪ್ಪನವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನಮಗೆ ಬೈಯಲು ಅನುಕೂಲವಾಗುತ್ತಿತ್ತು. ಹಿಂದೊಮ್ಮೆ ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ ಕಾಲರಾ ಬಂದಾಗ ಬಾವಿ ಮುಚ್ಚಿಸಲು ಹೋಗಿ, ಜನ ಕಾಲಿಗೆ ಬಿದ್ದರೆಂದು ಎರಡು ದಿನ ತಡೆದಿದ್ದರು. ಆ ಎರಡು ದಿನದಲ್ಲಿ ಒಂಬತ್ತು ಹೆಣ ಎತ್ತಿದರು. ಅಂದಿನಿಂದ ಯಾರಾದರೂ ಕಾಲಿಗೆ ಬೀಳಲು ಬಂದರೆ ಅವರು ಸೈಕಲ್ ಹತ್ತಿಬಿಡುತ್ತಿದ್ದರು. ಆದರೆ ಆಶಾಬಿ ಕಾಲಿಗೆ ಬೀಳಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅದಕ್ಕೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಹನ್ನೆರಡು ತಾಸು ಬೆಂಕಿಯ ಮುಂದೆ ದುಡಿಯುವ ಶೆಡ್ಡಿನವರಿಗೆ ಆ ಚಹಾ ಬಿಟ್ಟರೆ ಹತ್ತಿರದಲ್ಲಿ ಸಿಗುವುದು ಸೇಂದಿ ಅಂಗಡಿ ಒಂದೇ ಎಂದು ಮಜೀದಸಾಬ ಮೆಲ್ಲಗೆ ನೆನಪು ಮಾಡಿಕೊಟ್ಟ. ಸೇಂದಿ ಕುಡಿದು ಎಂಜಿನ್ ಹತ್ತುವವರನ್ನು ನೆನೆದು ಚಂದ್ರಾಮಪ್ಪನವರ ಮುಖ ಬಿಳುಪೇರಿತು.

“ಶನಿವಾರತನಕ ನೋಡ್ತೀನಿ,” ಎಂದರು. “ಒಬ್ಬರಿಗಿ ಒಂದೇ ಕಪ್ಪು, ಬಸಿ ಬಂದ್. ಒಬ್ಬರು ಕುಡಿದ ಕಪ್ಪು ಕುದಿಯೋ ನೀರಾಗ ಅದ್ದಲಾರದೇ ಇನ್ನೊಬ್ಬರಿಗಿ ಕೊಡಬಾರದು. ಶನಿವಾರ ಲೋಕೋ ಶೆಡ್ಡಿನಾಗ ಹನ್ನೊಂದಕ್ಕಿಂತ ಒಬ್ಬ ಹೆಚ್ಚು ಮಲಗಿದ್ರೂ ನಾನೇ ಬಂದು ಬಾಗಲಾ ಹಾಕ್ತೀನಿ.”

ಒಪ್ಪಿಕೊಂಡೆವು. ಒಪ್ಪಿಕೊಂಡ ಮೇಲೆ ತಿಳಿಯಿತು, ಇರುವುದು ಒಂದೇ ಒಲೆ. ಅದರ ಮೇಲೆ ಕಪ್ಪು ಕುದಿಸಿದರೆ ಚಹಾ ಇಲ್ಲ, ಚಹಾ ಕುದಿಸಿದರೆ ಕಪ್ಪು ಇಲ್ಲ. ಮಂಗಳವಾರ ಇಡೀ ದಿನ ಆಶಾಬಿ ಬರೀ ಕಪ್ಪು ಕುದಿಸಿದಳು. ಅಷ್ಟು ಶುದ್ಧವಾದ ಕಪ್ಪುಗಳನ್ನು ವಾಡಿ ಹಿಂದೆಂದೂ ಕಂಡಿರಲಿಲ್ಲ, ಅವುಗಳಲ್ಲಿ ಹಾಕಲು ಏನೂ ಇರಲಿಲ್ಲ ಅಷ್ಟೆ.

ಆಗ ಬಂದವನು ಗೂಡ್ಸ್ ಗಾಡಿಯ ಡ್ರೈವರ್ ಲಾಲ್ ಅಹ್ಮದ್. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಲಾ ಆಶಾಬಿ! ನನ್ನ ಎಂಜಿನ್ನಿನಾಗ ಒಂದು ಕೆರಿ ನೀರು ಕುದಿಲಿಕತ್ತದ. ನೀ ಇಲ್ಲಿ ಚಮಚಾ ಚಮಚಾ ಕಾಸ್ಲಿಕತ್ತೀ. ಬಕೀಟು ತಗೊಂಡು ಬಾ!”

ಬುಧವಾರ ಮಧ್ಯಾಹ್ನ ಅವನ ಗಾಡಿ ಬಂದು ನೀರು ತುಂಬಿಸಿಕೊಳ್ಳಲು ನಿಂತಾಗ ನಾವು ಬಕೀಟು ಹಿಡಿದು ಓಡಿದೆವು. ಎಂಜಿನ್ನಿನ ನಳದಿಂದ ಬುಸ್ಸೆಂದು ಬಂದ ಕುದಿನೀರಿನಲ್ಲಿ ಹದಿನೆಂಟು ಕಪ್ಪು ಮುಳುಗಿ ಎದ್ದವು. ಒಲೆಯ ಮೇಲೆ ಚಹಾ, ಎಂಜಿನ್ನಿನಲ್ಲಿ ಕಪ್ಪು. ನಾನು ಕುಣಿದೆನೆಂದು ಮಜೀದಸಾಬ ಇಂದಿಗೂ ಹೇಳುತ್ತಾನೆ, ನನಗೆ ನೆನಪಿಲ್ಲ. ಖುಷಿಯಲ್ಲಿ ಲಾಲ್ ಅಹ್ಮದ್ ಒಂದು ತಪ್ಪು ಮಾಡಿದ. ಕಪ್ಪು ತಯಾರು ಎಂದು ಊರಿಗೆಲ್ಲ ಗೊತ್ತಾಗಲಿ ಎಂದು ಎರಡು ಉದ್ದ, ಒಂದು ಗಿಡ್ಡ ಸೀಟಿ ಹೊಡೆದ.

ಎರಡು ದಿನದಿಂದ ಚಹಾ ಇಲ್ಲದೆ ಒದ್ದಾಡುತ್ತಿದ್ದ ವಾಡಿ ಎದ್ದು ಓಡಿ ಬಂತು. ಮೊದಲು ಹೊತ್ತು ಹೊತ್ತಿಗೆ ಇಬ್ಬಿಬ್ಬರಾಗಿ ಬಂದು ಕುಡಿದು ಹೋಗುತ್ತಿದ್ದವರು ಈಗ ಒಂದೇ ಸೀಟಿಗೆ ಒಟ್ಟಿಗೆ ಬಂದರು. ಶೆಡ್ಡಿನವರು, ಹಮಾಲರು, ಕಲ್ಲಿನ ಗಣಿಯವರು, ಪ್ಯಾಸೆಂಜರ್ ಗಾಡಿಗೆ ಕಾದಿದ್ದ ಒಂದು ಮದುವೆಯ ದಿಬ್ಬಣ. ಹದಿನೆಂಟು ಕಪ್ಪಿಗೆ ಇನ್ನೂರು ಕೈ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಮೂತಿ. ಜ್ವರಕ್ಕೆ ಔತಣ ಕೊಡಬೇಕೆಂದು ಹಟ ಹಿಡಿದಿದ್ದರೂ ಇಷ್ಟು ಚೆನ್ನಾಗಿ ಏರ್ಪಾಟು ಮಾಡಲು ನಮ್ಮಿಂದ ಆಗುತ್ತಿರಲಿಲ್ಲ.

ಅದೇ ಹೊತ್ತಿಗೆ ಚಂದ್ರಾಮಪ್ಪನವರ ಸೈಕಲ್ಲು ಬಂತು.

ಅವರು ಕೂಗಿದರು. ಹುಕುಂ ಎತ್ತಿ ತೋರಿಸಿದರು. ಬೆಂಚು ಹತ್ತಿ ನಿಂತು ಸರಕಾರದ ಹೆಸರು ಹೇಳಿದರು. ಎಂಟು ತಿಂಗಳ ಹಿಂದಷ್ಟೇ ನಮ್ಮ ಸರಕಾರ ಹೈದರಾಬಾದಿನಿಂದ ಬೆಂಗಳೂರಿಗೆ ಬದಲಾಗಿತ್ತು, ಯಾವ ಸರಕಾರದ ಹೆಸರು ಹೇಳುತ್ತಿದ್ದಾರೆಂದು ಅರ್ಧ ಜನಕ್ಕೆ ತಿಳಿಯಲೂ ಇಲ್ಲ. ಕಡೆಗೆ ಅವರು ಬೆಂಚಿನಿಂದ ಇಳಿದು, ಹುಕುಮಿನ ಮೇಲೆ ಹೋಟೆಲು ಬಂದ್ ಎಂದು ಬರೆಯಲು ಜೇಬಿನಿಂದ ಪೆನ್ನು ತೆಗೆದರು. ಆಶಾಬಿ ಸೌಟು ಹಿಡಿದ ಕೈಯನ್ನು ಕೆಳಗಿಳಿಸಿದಳು.

ಮಜೀದಸಾಬ ಡ್ಯೂಟಿಗೆ ಹೋಗಬೇಕಿತ್ತು. ಗುಂಪಿನ ನಡುವೆ ಸಿಕ್ಕಿಬಿದ್ದು, ತಳ್ಳಿಸಿಕೊಂಡು, ತುಳಿಸಿಕೊಂಡು, ಸಿಟ್ಟು ನೆತ್ತಿಗೇರಿ, ಕಂಕುಳಲ್ಲಿದ್ದ ಕೆಂಪು ನಿಶಾನೆಯನ್ನು ಬಿಚ್ಚಿ ಮೇಲೆತ್ತಿದ.

ವಾಡಿ ನಿಂತುಬಿಟ್ಟಿತು.

ನಾನು ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ. ಒಬ್ಬ ಹಮಾಲ ಒಂದು ಕಾಲು ಎತ್ತಿದವನು ಎತ್ತಿದಂತೆಯೇ ನಿಂತ. ಮದುವೆಯ ಗಂಡು ಬಾಸಿಂಗ ಹಿಡಿದುಕೊಂಡು ನಿಂತ. ಲಾಲ್ ಅಹ್ಮದ್ ಎಂಜಿನ್ನಿನ ಮೇಲಿಂದಲೇ ಬ್ರೇಕಿಗೆ ಕೈ ಹಾಕಿದ. ಹುಟ್ಟಿದಾಗಿನಿಂದ ಹಳಿಯ ಪಕ್ಕ ಬದುಕಿದವರು ನಾವು. ಡಾಕ್ಟರ ಮಾತು ಮೀರುತ್ತೇವೆ, ಹೆಂಡತಿಯ ಮಾತು ಮೀರುತ್ತೇವೆ, ಕೆಂಪು ನಿಶಾನೆ ಮೀರುವುದಿಲ್ಲ.

ಚಂದ್ರಾಮಪ್ಪನವರು ಪೆನ್ನು ಹಿಡಿದು ನಿಂತಿದ್ದರು. ನಿಶಾನೆ ನೋಡಿದರು, ಜನರನ್ನು ನೋಡಿದರು, ಮತ್ತೆ ನಿಶಾನೆ ನೋಡಿದರು.

“ಮಜೀದಸಾಬ,” ಎಂದರು ಪಿಸುಮಾತಿನಲ್ಲಿ, “ಎರಡು ಗಾಡಿ ನಡುವ ಎಷ್ಟು ಜಾಗ ಬಿಡ್ತೀರಿ ನೀವು?”

“ಒಂದು ಸ್ಟೇಷನ್ನಿಂದ ಇನ್ನೊಂದು ಸ್ಟೇಷನ್‌ತನ ಒಂದೇ ಗಾಡಿ ಇರ್ಬೇಕ್ರಿ. ಅದು ದಾಟಿ ಹೋಗಿ ಲೈನ್ ಕ್ಲಿಯರ್ ಸಿಕ್ಕ ಮ್ಯಾಲೇ ಹಿಂದಿನ ಗಾಡಿ ಬಿಡ್ತೀವಿ.”

“ಮತ್ತ ಮನಷ್ಯಾರಿಗೂ ಹಂಗೇ ಬಿಡ್ರಿ!”

ಗುರುವಾರ ಬೆಳಿಗ್ಗೆ ಗಣಿಯವರು ಒಡೆದ ಪರಸಿ ಕಲ್ಲುಗಳನ್ನು ಹೊತ್ತು ತಂದು, ಗೇಟಿನಿಂದ ಆಶಾಬಿಯ ಒಲೆಯ ತನಕ ಎರಡು ಮಾರಿಗೊಂದರಂತೆ ಹಾಸಿದರು. ಒಂದು ಪರಸಿ ಒಂದು ಸ್ಟೇಷನ್. ಒಂದರ ಮೇಲೆ ಒಬ್ಬನೇ ನಿಲ್ಲಬೇಕು. ಮುಂದಿನ ಪರಸಿ ಖಾಲಿಯಾಗಿ ಮಜೀದಸಾಬ ಹಸಿರು ತೋರಿಸಿದ ಮೇಲೆಯೇ ಕಾಲು ಎತ್ತಬೇಕು. ಅವನ ಡ್ಯೂಟಿಯ ಹೊತ್ತಿನಲ್ಲಿ ನಿಶಾನೆ ನನ್ನ ಕೈಗೆ ಬರುತ್ತಿತ್ತು. ಜೀವಮಾನವೆಲ್ಲ ಪಾರ್ಸಲ್ಲಿಗೆ ಅಂಟು ಹಚ್ಚಿದವನಿಗೆ ಅಂಥ ಅಧಿಕಾರ ಸಿಕ್ಕರೆ ಏನಾಗುತ್ತದೆ ಹೇಳಿ. ನನ್ನ ಬಾಕಿ ಸಿಟ್ಟುಗಳನ್ನೆಲ್ಲ ನೆನಪಿಸಿಕೊಂಡು ಸ್ಟೇಷನ್ ಮಾಸ್ತರರನ್ನು ಎರಡನೆಯ ಪರಸಿಯ ಮೇಲೆ ಹತ್ತು ನಿಮಿಷ ನಿಲ್ಲಿಸಿದೆ.

ಕಪ್ಪಿನ ತಂಟೆಯೇ ಬೇಡ ಎಂದು ಎಲ್ಲರೂ ಮನೆಯಿಂದ ಪಾತ್ರೆ ತಂದರು. ಆಶಾಬಿ ದೂರದಿಂದಲೇ ಉದ್ದ ಕಾವಿನ ಸೌಟಿನಿಂದ ಹಾಕುತ್ತಿದ್ದಳು, ಪಾತ್ರೆ ಎಷ್ಟೇ ದೊಡ್ಡದಿರಲಿ ಸೌಟು ಒಂದೇ. ಹಂಡೆಯಂಥ ಪಾತ್ರೆ ತಂದವನೊಬ್ಬ ತಳದಲ್ಲಿದ್ದ ಚಹಾ ಹುಡುಕಿಕೊಂಡು ಕುಡಿಯಬೇಕಾಯಿತು. ನಾನು ಹಿತ್ತಾಳೆಯ ಗಿಂಡಿ ಒಯ್ದೆ. ಗಾರ್ಡ್ ಸಾಹೇಬರು ಅವಸರದಲ್ಲಿ ಕಂದೀಲಿನ ಗಾಜು ಒಯ್ದಿದ್ದರು. ಅದಕ್ಕೆ ತಳ ಇಲ್ಲವೆಂಬುದು ಅವರಿಗೆ ಚಹಾ ಬೂಟಿನೊಳಗೆ ಇಳಿದ ಮೇಲೆ ತಿಳಿಯಿತು. ನಕ್ಕು ನಕ್ಕು ಮೂರನೆಯ ಪರಸಿಯವನು ಬಿದ್ದ. ಮಜೀದಸಾಬ ಕೂಡಲೇ ಕೆಂಪು ತೋರಿಸಿ, ಲೈನಿನ ಮೇಲೆ ಅಡ್ಡಿ ಇದೆ ಎಂದು ಸಾರಿದ.

ಶನಿವಾರ ಚಂದ್ರಾಮಪ್ಪನವರು ಲೋಕೋ ಶೆಡ್ಡಿಗೆ ಹೋಗಿ ಬಂದರು. ಹನ್ನೊಂದು ಜನರಲ್ಲಿ ಏಳು ಜನ ಎದ್ದು ಕೆಲಸಕ್ಕೆ ಬಂದಿದ್ದರು, ಹೊಸದಾಗಿ ಯಾರೂ ಮಲಗಿರಲಿಲ್ಲ. ಇನ್ಸ್‌ಪೆಕ್ಟರು ಸರದಿಯಲ್ಲಿ ನಿಂತು, ತಮ್ಮ ಪಾತ್ರೆಯಲ್ಲಿ ಚಹಾ ಹಾಕಿಸಿಕೊಂಡು, ಕುಡಿದು ಹೋದರು. ನಾವು ಟೊಪ್ಪಿಗೆ ಹಾರಿಸಿದೆವು.

ಭಾನುವಾರ ಬೆಳಿಗ್ಗೆ ಆಶಾಬಿ ಏಳಲಿಲ್ಲ.

ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಮಲಗಿದ್ದಳು. ಕಣ್ಣು ಕೆಂಪಗೆ, ಮೈ ಕೆಂಡ. ಚಂದ್ರಾಮಪ್ಪನವರು ಬಾಗಿಲಲ್ಲೇ ನಿಂತು ಥರ್ಮಾಮೀಟರು ಕೊಟ್ಟು ಜ್ವರ ನೋಡಿದರು. ಅವರೇನು ಹೇಳುತ್ತಾರೆಂದು ನಮಗೆಲ್ಲರಿಗೂ ಗೊತ್ತಿತ್ತು.

“ಹೋಟೆಲ್ ಬಂದ್,” ಎಂದರು. “ಎಂಟು ದಿನ ಇಲ್ಲಿ ಯಾರೂ ಒಂದು ಹನಿ ಚಹಾ ಕುಡಿಬಾರದು.”

“ಸಾಹೇಬ್ರ, ಎಂಟು ದಿನಕ್ಕ ಜಾಗ ಹೋಗ್ತದ್ರಿ,” ಎಂದಳು ಆಶಾಬಿ ಒಳಗಿನಿಂದ. ದನಿ ಹರಿದುಹೋಗಿತ್ತು.

“ಹೋಟೆಲ್ ಬಂದ್ ಅಂದೀನಿ. ಒಲಿ ಬಂದ್ ಅಂತ ಯಾರಂದ್ರು?” ಎಂದರು ಅವರು, ಗೋಡೆಯ ಕಡೆ ನೋಡುತ್ತ. “ಕ್ವಾರ್ಟರ್ಸಿನಾಗ ಇನ್ನೂ ಜ್ವರದ ಮಂದಿ ಮಲಗ್ಯಾರ. ಕಾಸಿ ಆರಿಸಿದ ನೀರು ಯಾರು ಕೊಡ್ತಾರ ಅವರಿಗಿ?” ಎಂದವರೇ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತರು.

ಜ್ವರಕ್ಕೆ ಹೆದರದ ಇನ್ಸ್‌ಪೆಕ್ಟರು ಒಲೆಯ ಮುಂದೆ ಸೋತುಹೋದರು. ಊದಿದರು, ಕೆಮ್ಮಿದರು, ಕಣ್ಣೀರು ಸುರಿಸಿದರು. ಹೊಗೆ ಸ್ಟೇಷನ್ನಿನವರೆಗೂ ಹೋಯಿತು. ತಗಡಿನ ಆಚೆಯಿಂದ ಆಶಾಬಿ ಅರೆಪ್ರಜ್ಞೆಯಲ್ಲೇ ಕೂಗುತ್ತಿದ್ದಳು.

“ದೊಡ್ಡ ಕಟಗಿ ಮೊದಲು ಹಾಕಬ್ಯಾಡ್ರೀ! ಸಣ್ಣ ಪುಳ್ಳಿ ಹಾಕ್ರಿ! ಯಾ ಅಲ್ಲಾ, ಓದಿದವರಿಗಿ ಇಷ್ಟೂ ಗೊತ್ತಿಲ್ಲೇನು!”

ಎಂಟು ದಿನ ಪಾಳಿ ಹಾಕಿಕೊಂಡೆವು. ಒಬ್ಬೊಬ್ಬರೇ ಪರಸಿ ದಾಟಿ ಬಂದು, ಒಂದು ಕಟ್ಟಿಗೆ ಒಲೆಗೆ ಹಾಕಿ, ಮತ್ತೆ ಪರಸಿ ದಾಟಿ ಹೋಗುವುದು. ಒಲೆ ಉರಿಯಿತು, ನೀರು ಕುದಿಯಿತು, ಲೈನಿನ ಆಚೆಯ ಮನೆಗಳಿಗೆಲ್ಲ ಹೋಯಿತು. ಉರಿಯುವ ಒಲೆಯ ಮುಂದೆ ಕೂತು ಚಹಾ ಇಲ್ಲದೆ ಇರುವುದು ಎಂಥ ಶಿಕ್ಷೆ ಎಂದು ಕುಡಿಯುವವರಿಗೇ ಗೊತ್ತು. ಮಜೀದಸಾಬನೂ ನಾನೂ ಎರಡು ಪರಸಿಗಳ ಮೇಲೆ ಕೂತು ಒಬ್ಬರಿಗೊಬ್ಬರು ಬಿಸಿನೀರು ತೋರಿಸಿ ಕುಡಿದೆವು. ನೀರಿನಲ್ಲೂ ನನ್ನ ಪಾಲು ಕಡಿಮೆ ಎಂದು ನಾನು ತಕರಾರು ತೆಗೆದೆ, ಅಭ್ಯಾಸ ಬಿಡಬಾರದಲ್ಲ.

ಒಂಬತ್ತನೆಯ ದಿನ ಆಶಾಬಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕುಪ್ಪಸ ಸಡಿಲವಾಗುವಷ್ಟು ಬಡಕಲಾಗಿದ್ದಳು. ಚಂದ್ರಾಮಪ್ಪನವರು ಜ್ವರ ನೋಡಿ, ಬಾಗಿಲು ತೆಗೆಯಬಹುದು ಎಂದರು. ಅವಳು ಚಹಾಕ್ಕೆ ಇಟ್ಟಳೋ ಇಲ್ಲವೋ, ಚಿತ್ತಾಪುರದ ಗಾಡಿಯಿಂದ ಗುರುಲಿಂಗಮ್ಮನವರು ಇಳಿದರು. ಹಿಂದೆ ಅಳಿಯ, ಅವನ ಕೈಯಲ್ಲಿ ಆಗಲೇ ಅಳತೆಯ ಹಗ್ಗ.

ಗೌಡ್ತಿ ಸೀದಾ ಒಲೆಯ ಕಡೆ ನಡೆದರು. ಮಜೀದಸಾಬನ ಕೈ ತಾನಾಗಿಯೇ ಮೇಲೆದ್ದು ಕೆಂಪು ತೋರಿಸಿತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹುಟ್ಟಿದ ಮೇಲೆ ಯಾವ ಸರದಿಯಲ್ಲೂ ನಿಲ್ಲದ ಗುರುಲಿಂಗಮ್ಮನವರು ಮೊದಲ ಪರಸಿಯ ಮೇಲೆ ನಿಂತು, “ಇದೇನೋ ಇದು?” ಎಂದರು. ಆದರೆ ನಿಂತರು. ಹಸಿರು ಸಿಕ್ಕ ಮೇಲೆ ಒಂದೊಂದೇ ಪರಸಿ ದಾಟಿ ಒಲೆಯ ಎದುರಿಗೆ ಬಂದರು.

“ಎಂಟು ದಿನದಿಂದ ಹೋಟೆಲ್ ಬಂದ್ ಅದ ಅಂತ ಅಳಿಯ ಅಂದ. ಖರೇ ಏನು?”

“ಖರೇ ಅದರಿ, ಅವ್ವಾರ,” ಎಂದಳು ಆಶಾಬಿ. “ಜ್ವರ ಬಂದಿತ್ತು. ಬಂದ್ ಇತ್ತು.”

“ಒಲಿ?”

“ಒಲಿ ದಿನಾ ಉರದದ್ರಿ,” ಎಂದರು ಚಂದ್ರಾಮಪ್ಪನವರು.

“ಹೋಟೆಲ್ ಬಂದ್ ಇದ್ದ ಮ್ಯಾಲ ಒಲಿ ಹೆಂಗ ಉರಿತದ್ರಿ?” ಎಂದ ಅಳಿಯ. “ಇವತ್ತು ಮುಂಜಾನಿ ಹಚ್ಚ್ಯಾರ.”

ಗುರುಲಿಂಗಮ್ಮನವರು ಒಲೆಯೊಳಗೆ ಬಗ್ಗಿ ನೋಡಿದರು. “ಬೂದಿ ಎಲ್ಲಿ ಹಾಕೀರಿ?” ಎಂದರು.

ಅರವತ್ತು ವರ್ಷ ಒಲೆ ಹಚ್ಚಿದ ಹೆಂಗಸು. ಹೋಟೆಲಿನ ಹಿಂದೆ ಕರೆದೊಯ್ದೆವು. ಅಲ್ಲಿ ಎಂಟು ದಿನದ ಬೂದಿಯ ಗುಡ್ಡೆ ಇತ್ತು. ಅವರು ಕೋಲಿನಿಂದ ಕೆದಕಿದರು. ಮೊಳಕಾಲು ಗಾತ್ರದ ಕೊಳ್ಳಿಗಳು, ಅರ್ಧ ಸುಟ್ಟದ್ದು, ಕಾಲು ಸುಟ್ಟದ್ದು, ಸುಡದೇ ಬರೀ ಕಪ್ಪಾದದ್ದು, ಹೊರಗೆ ಉರುಳಿದವು. ಅವರು ಒಂದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದರು. ಮೊದಲು ಹೆಗಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಗುರುಲಿಂಗಮ್ಮನವರು.

“ಇದ್ಯಾವ ಗಂಡಸು ಹಚ್ಚ್ಯಾನಪ್ಪ ಒಲಿ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. “ಆಶಾಬಿ ಹಚ್ಚಿದ್ದಲ್ಲ ಇದು. ಇಂಥಾದ್ದು ಒಂದು ಮುಂಜಾನ್ಯಾಗ ಆಗಾದಲ್ಲ, ಇದಕ್ಕ ಎಂಟು ದಿನ ಬೇಕು.”

ಚಂದ್ರಾಮಪ್ಪನವರು ಕೆಮ್ಮಿ, ಆಕಾಶ ನೋಡಿದರು. ಅಳಿಯ ಅಳತೆಯ ಹಗ್ಗವನ್ನು ಸುತ್ತಿ ಜೇಬಿಗೆ ತುರುಕಿಕೊಂಡ.

ಗುರುಲಿಂಗಮ್ಮನವರು ಒಲೆಯ ಮುಂದಿನ ಪರಸಿಗೆ ಮರಳಿ ಬಂದು, ಕೈಚೀಲದಿಂದ ತಮ್ಮ ನೀರಿನ ತಂಬಿಗೆಯ ಮುಚ್ಚಳ ತೆಗೆದು ಮುಂದೆ ಹಿಡಿದರು. ಆಶಾಬಿ ಸೌಟು ತುಂಬಿದಳು.

“ಇಡೀದು ಬ್ಯಾಡ. ಅರ್ಧ ಹಾಕು.”

“ಉಳಿದಿದ್ದು ಯಾರಿಗ್ರಿ, ಅವ್ವಾರ?”

“ನಿನಗ. ನಿನ್ನ ಪಾತ್ರಿ ತಾ. ಅಲ್ಲೇ ನಿಂದ್ರು, ಹತ್ರ ಬರಬ್ಯಾಡ. ಈಗಷ್ಟೇ ಜ್ವರ ಬಿಟ್ಟದ ನಿನಗ.”

ಆಶಾಬಿ ತನ್ನ ಹಳೆಯ ಬಟ್ಟಲು ತಂದಳು. ಒಂದು ಸೌಟಿನ ಚಹಾ ಎರಡಾಯಿತು. ಎರಡು ಮಾರು ದೂರದ ಎರಡು ಪರಸಿಗಳ ಮೇಲೆ ನಿಂತು, ಜಾಗದ ಒಡತಿಯೂ ಒಲೆಯ ಒಡತಿಯೂ ಮುಖ ಮುಖ ನೋಡಿಕೊಂಡು ಕುಡಿದರು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಮಜೀದಸಾಬನ ಕಡೆ ನೋಡಿದರೆ ಆ ಪುಣ್ಯಾತ್ಮ ಹಸಿರು ನಿಶಾನೆಯಿಂದ ಮೂಗು ಒರೆಸಿಕೊಳ್ಳುತ್ತಿದ್ದ.